ಹಾಜರಿ ಪುಸ್ತಕದ ಬೆನ್ನು ಹತ್ತಿದ ವಕೀಲಿಕೆ

ಕಾರ್ಮಿಕರ ಪರ ವಕೀಲಿಕೆ ಎಂದರೆ ಮೊದಲಿಗೆ ಹಾಜರಿ ಪುಸ್ತಕ ಹುಡುಕುವ ಕೆಲಸ. ಕಾಲುವೆಯ ಹೂಳು ಎತ್ತಿದವರು, ಕಟ್ಟಡಕ್ಕೆ ಸೆಂಟ್ರಿಂಗ್ ಕಟ್ಟಿದವರು, ಬಸ್ಸಿನಲ್ಲಿ ಟಿಕೆಟ್ ಹರಿದವರು ದುಡಿದದ್ದು ಊರಿಗೆಲ್ಲ ಗೊತ್ತಿರುತ್ತದೆ, ಕೋರ್ಟಿಗೆ ಗೊತ್ತಿರುವುದಿಲ್ಲ. ಊರಿಗೆ ಗೊತ್ತಿರುವುದನ್ನು ಕೋರ್ಟಿಗೂ ಗೊತ್ತುಮಾಡಿಸುವುದೇ ಈ ವೃತ್ತಿಯ ಹೂರಣ. ಯಾದಗಿರಿ ಜಿಲ್ಲೆಯ ಗೋಗಿ, ಶಹಾಪುರ, ಸುರಪುರದ ಸೀಮೆಯಲ್ಲಿ ಈ ಕೆಲಸ ಇನ್ನಷ್ಟು ತ್ರಾಸಿನದು. ಸಾವಿರಾರು ಜನ ಒಂದೇ ಗೇಟಿನೊಳಗೆ ಹೋಗಿಬರುವ ಕಾರ್ಖಾನೆಗಳ ನಾಡು ಇದಲ್ಲ. ದುಡಿಮೆ ಹತ್ತಿ-ತೊಗರಿಯ ಹೊಲದಲ್ಲಿ, ಕೃಷ್ಣೆಯ ಕಾಲುವೆಯ ಮೇಲೆ, ಕಲ್ಲಿನ ಗಣಿಯಲ್ಲಿ, ಗುಳೆ ಹೋದ ಬೆಂಗಳೂರು, ಪುಣೆ, ಮುಂಬೈಗಳಲ್ಲಿ ಚದುರಿಹೋಗಿದೆ. ಮಾಲೀಕ ಯಾರೆಂದು ಕೇಳಿದರೆ ಗುತ್ತೇದಾರನ ಹೆಸರು ಬರುತ್ತದೆ, ಗುತ್ತೇದಾರ ಯಾರೆಂದು ಕೇಳಿದರೆ ಮೇಸ್ತ್ರಿಯ ಹೆಸರು, ಮೇಸ್ತ್ರಿಯನ್ನು ಕೇಳಿದರೆ ಒಂದು ಮೊಬೈಲ್ ನಂಬರು.

1948ರವರೆಗೆ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಕಚೇರಿಯ ಭಾಷೆ ಉರ್ದು. ಹಾಜರಿ, ತಾರೀಖು, ವಕಾಲತ್ತು, ವಸೂಲಿ ಮುಂತಾದ ಮಾತುಗಳು ಆಗಲೂ ಇದ್ದವು, ಈಗಲೂ ಕಕ್ಷಿದಾರರ ಬಾಯಲ್ಲಿ ಇವೆ. ಪಗಾರ ಎಂಬ ಮಾತು ಮಾತ್ರ ಪೋರ್ಚುಗೀಸರದು. ಮರಾಠಿ ಸೀಮೆ ದಾಟಿ ಇಲ್ಲಿಗೆ ಬಂದು ನೆಲೆನಿಂತಿದೆ. ‘ಹಾಜರಿ ಐತಿ, ಪಗಾರ ಇಲ್ಲ’ ಎನ್ನುವುದು ಒಂದು ಬಗೆಯ ಮೊಕದ್ದಮೆ. ‘ದುಡದೀನಿ, ಹಾಜರಿನೇ ಹಾಕಿಲ್ಲ’ ಎನ್ನುವುದು ಇನ್ನೊಂದು ಬಗೆ, ಮೊದಲನೆಯದಕ್ಕಿಂತ ಕಠಿಣವಾದದ್ದು.

ಈ ಭಾಗದಲ್ಲಿ ಕಾರ್ಮಿಕ ವಕೀಲಿಕೆಯಿಂದ ಶುರುವಾಗಿ ಅತಿ ದೂರ ಸಾಗಿದ ಬದುಕು ಮಲ್ಲಿಕಾರ್ಜುನ ಖರ್ಗೆಯವರದು. ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ 1942ರ ಜುಲೈ 21ರಂದು ಹುಟ್ಟಿದ ಅವರು ರಜಾಕಾರರ ಹಾವಳಿಯಲ್ಲಿ ತಾಯಿಯನ್ನು ಕಳೆದುಕೊಂಡರು. ತಂದೆಯೊಂದಿಗೆ ಬಂದು ಸೇರಿದ ಊರು ಗುಲಬರ್ಗಾ, ಈಗಿನ ಕಲಬುರಗಿ. ನೂತನ ವಿದ್ಯಾಲಯದಲ್ಲಿ ಶಾಲೆ, ಸರ್ಕಾರಿ ಕಾಲೇಜಿನಲ್ಲಿ ಬಿ.ಎ., ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ವಕೀಲಿ ಓದು. ಕಿರಿಯ ವಕೀಲರಾಗಿ ಸೇರಿಕೊಂಡದ್ದು ಶಿವರಾಜ ಪಾಟೀಲರ ಕಚೇರಿಯನ್ನು. ರಾಯಚೂರು ಜಿಲ್ಲೆಯವರಾದ ಪಾಟೀಲರು ಆಗ ಗುಲಬರ್ಗಾದ ವಕೀಲರು. ಮುಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ರಾಜಸ್ಥಾನದ ಮುಖ್ಯ ನ್ಯಾಯಮೂರ್ತಿಯಾಗಿ, 2000ದಿಂದ 2005ರವರೆಗೆ ಸುಪ್ರೀಂ ಕೋರ್ಟಿನಲ್ಲಿ ಕೂತವರು.

ಆ ಕಾಲದ ಗುಲಬರ್ಗಾದಲ್ಲಿ ಕಾರ್ಮಿಕ ವಕೀಲಿಕೆ ಎಂದರೆ ಎಂ.ಎಸ್.ಕೆ. ಗಿರಣಿ. ಆರನೇ ನಿಜಾಮ ಮಹಬೂಬ್ ಅಲಿ ಖಾನನ ಹೆಸರು ಹೊತ್ತ ಮಹಬೂಬ್ ಶಾಹಿ ಕುಲಬರ್ಗಾ ಮಿಲ್ಲು ಹತ್ತೊಂಬತ್ತನೇ ಶತಮಾನದ ಕೊನೆಗೆ ಶುರುವಾದ ಬಟ್ಟೆ ಗಿರಣಿ. ಊರಿನ ಗಡಿಯಾರ ಅದರ ಭೋಂಗಾ. ಪಾಳಿ, ಹಾಜರಿ, ಪಗಾರ ಚೀಟಿ, ಸಂಘ, ಮುಷ್ಕರ ಎಲ್ಲವೂ ಒಂದೇ ಕಾಂಪೌಂಡಿನೊಳಗೆ ಇದ್ದ ಈ ಗಿರಣಿಯ ನೌಕರರ ಸಂಘಕ್ಕೆ ಖರ್ಗೆಯವರು 1969ರಲ್ಲಿ ಕಾನೂನು ಸಲಹೆಗಾರರಾದರು. ಸಂಯುಕ್ತ ಮಜ್ದೂರ್ ಸಂಘದ ಮುಂದಾಳಾಗಿಯೂ ಹೆಸರು ಮಾಡಿದರು. ಅದೇ ವರ್ಷ ಕಾಂಗ್ರೆಸ್ ಸೇರಿ ನಗರ ಘಟಕದ ಅಧ್ಯಕ್ಷರಾದರು. 1972ರಲ್ಲಿ ಗುರುಮಠಕಲ್ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದರು. ಇಂದು ಯಾದಗಿರಿ ಜಿಲ್ಲೆಗೆ ಸೇರಿರುವ ಆ ಕ್ಷೇತ್ರ 2004ರವರೆಗೆ ಒಮ್ಮೆಯೂ ಅವರ ಕೈ ಬಿಡಲಿಲ್ಲ.

ಲೆಕ್ಕ ಹಾಕಿದರೆ ಅವರ ವಕೀಲಿಕೆ ಕೆಲವೇ ವರ್ಷದ್ದು, ರಾಜಕಾರಣ ಅರ್ಧ ಶತಮಾನದ್ದು. ಸಂಘದ ಕಾಗದ ಬರೆದುಕೊಡುತ್ತ ಬಂದ ಯುವ ವಕೀಲ ಸಂಘದ ನಾಯಕನಾಗುವುದು, ನಾಯಕನಿಗೆ ಟಿಕೆಟ್ ಸಿಗುವುದು ಆ ಪೀಳಿಗೆಗೆ ಹೊಸದೇನಲ್ಲ. ಐರ್ಲೆಂಡಿನಲ್ಲಿ ಕಾನೂನು ಓದಿ ಬಂದು ರೈಲ್ವೆ ಕಾರ್ಮಿಕರನ್ನು ಕಟ್ಟಿದ ವಿ.ವಿ. ಗಿರಿ ಅದೇ ದಾರಿಯಲ್ಲಿ ಕೇಂದ್ರದ ಕಾರ್ಮಿಕ ಸಚಿವರಾದರು. ಬ್ಯಾಂಕ್ ನೌಕರರ ಐತೀರ್ಪನ್ನು ಸರ್ಕಾರ ತಿದ್ದಿತೆಂದು 1954ರಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ಮೈಸೂರಿನ ರಾಜ್ಯಪಾಲರೂ ಆಗಿದ್ದರು, ಕೊನೆಗೆ ರಾಷ್ಟ್ರಪತಿ. ಖರ್ಗೆಯವರು 2009ರಿಂದ 2013ರವರೆಗೆ ಅದೇ ಕಾರ್ಮಿಕ ಖಾತೆಯಲ್ಲಿದ್ದರು.

ಆ ಅವಧಿಯ ಒಂದು ಬದಲಾವಣೆ ಜಿಲ್ಲಾ ಮಟ್ಟದ ಕಾರ್ಮಿಕ ವಕೀಲರಿಗೆ ನೇರ ತಟ್ಟಿತು. 2025ರವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ವಿವಾದವೆಂದರೆ ಗುಂಪಿನದು. ಒಬ್ಬನನ್ನು ಕೆಲಸದಿಂದ ತೆಗೆದರೆ ಸಂಘ ಅವನ ಬೆನ್ನಿಗೆ ನಿಲ್ಲಬೇಕು, ಇಲ್ಲದಿದ್ದರೆ ಅದು ವಿವಾದವೇ ಅಲ್ಲ. 1965ರಲ್ಲಿ 2ಎ ಕಲಂ ಸೇರಿಸಿ ಒಬ್ಬಂಟಿ ಕಾರ್ಮಿಕನ ವಜಾವನ್ನೂ ವಿವಾದವೆಂದು ಒಪ್ಪಲಾಯಿತು. ಆದರೂ ಕೋರ್ಟಿನ ಬಾಗಿಲು ತೆರೆಯಬೇಕಾದದ್ದು ಸರ್ಕಾರವೇ. ಅದು ‘ಒಪ್ಪಿಸಿದರೆ’ ಮಾತ್ರ ಕೇಸು ನಡೆಯುತ್ತಿತ್ತು. ಕರ್ನಾಟಕ 1988ರಲ್ಲೇ ತನ್ನದೊಂದು ತಿದ್ದುಪಡಿ ತಂದು, ವಜಾಗೊಂಡ ಕಾರ್ಮಿಕ ಆರು ತಿಂಗಳೊಳಗೆ ನೇರ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದೆಂದಿತು. ವಕೀಲರ ಬಾಯಲ್ಲಿ ಅದು ‘ಹತ್ತು ನಾಲ್ಕು ಎ’. 2010ರ ಸೆಪ್ಟೆಂಬರ್ 15ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ದೇಶಕ್ಕೆಲ್ಲ ಅಂಥ ದಾರಿ ಮಾಡಿತು: ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ಕಾರ್ಮಿಕ ತಾನೇ ಕೋರ್ಟಿಗೆ ಹೋಗಬಹುದು, ಮೂರು ವರ್ಷದವರೆಗೆ ಅವಕಾಶ. ಗುಳೆ ಹೋದವನು ಯುಗಾದಿಗೆ ಊರಿಗೆ ಬಂದಾಗಷ್ಟೇ ವಕೀಲರನ್ನು ಕಾಣುವ ಸೀಮೆಯಲ್ಲಿ ಆರು ತಿಂಗಳಿಗೂ ಮೂರು ವರ್ಷಕ್ಕೂ ಇರುವ ಅಂತರ ದೊಡ್ಡದು. ಅದೇ ವರ್ಷ ಗ್ರಾಚ್ಯುಟಿಯ ಮೇಲ್ಮಿತಿ 3.5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿತು. ಕಾಯ್ದೆ ಬದಲಾಗುವುದು ಹಲವು ಕೈಗಳಿಂದ, ಒಬ್ಬ ಮಂತ್ರಿಯ ಹೆಸರಿಗೆ ಬರೆದುಕೊಡುವಂಥದ್ದಲ್ಲ. ಗಿರಣಿ ಸಂಘದ ವಕೀಲರಾಗಿದ್ದವರು ಆ ಕುರ್ಚಿಯಲ್ಲಿದ್ದಾಗ ಅದು ಆಯಿತು ಎಂಬುದಷ್ಟೇ ದಾಖಲೆ.

ಅಷ್ಟರಲ್ಲಿ ಎಂ.ಎಸ್.ಕೆ. ಗಿರಣಿ ಮುಚ್ಚಿತ್ತು. 1974ರ ರಾಷ್ಟ್ರೀಕರಣದಲ್ಲಿ ಸರ್ಕಾರದ ಜವಳಿ ನಿಗಮದ ಪಾಲಾಗಿದ್ದ ಅದು ಹೋದ ಮೇಲೆ, ಒಂದೇ ಗೇಟಿನ ಮುಂದೆ ನಿಂತು ಕಕ್ಷಿದಾರರನ್ನು ಕಾಣುವ ಕಾಲವೂ ಹೋಯಿತು. ಈಗಿನ ಕಾರ್ಮಿಕ ವಕೀಲರಿಗೆ ಸಿಗುವುದು ಚದುರಿದ ಕಕ್ಷಿದಾರರು.

ಈ ವೃತ್ತಿಗೆ ಬರುವ ದಾರಿ ಉಳಿದ ವಕೀಲರದೇ. ಪದವಿಯ ಮೇಲೆ ಮೂರು ವರ್ಷ ಅಥವಾ ಪಿಯುಸಿ ಮುಗಿಸಿ ಐದು ವರ್ಷದ ಕಾನೂನು ಓದು, ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಸನ್ನದಿನ ಶುಲ್ಕವೆಂದು ರಾಜ್ಯಗಳ ಪರಿಷತ್ತುಗಳು ಸಾವಿರಾರು ರೂಪಾಯಿ ಕೀಳುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ವಕೀಲರ ಕಾಯ್ದೆಯಲ್ಲಿ ಬರೆದಿರುವ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ-ಪಂಗಡದವರಾದರೆ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದಿತು. ಕೂಲಿಕಾರರ ಮನೆಯಿಂದ ಬಂದ ಮೊದಲ ತಲೆಮಾರಿನ ವಕೀಲರಿಗೆ ಇದು ಸಣ್ಣ ಮಾತಲ್ಲ. ಹಿರಿಯರ ಕಚೇರಿಯಲ್ಲಿ ಕಿರಿಯರಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು ಅದೇ ವರ್ಷ ಸಲಹೆ ಮಾಡಿತು. ಅದು ಸಲಹೆ ಮಾತ್ರ. ಕನಿಷ್ಠ ಕೂಲಿಗಾಗಿ ವಾದಿಸುವ ಕಚೇರಿಯ ಕಿರಿಯರಿಗೇ ಕನಿಷ್ಠ ಕೂಲಿ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದು ಈ ವೃತ್ತಿಯೊಳಗಿನ ಹಳೆಯ ಚೇಷ್ಟೆ.

ಸನ್ನದು ಸಿಕ್ಕ ಮೇಲೆ ಕಾರ್ಮಿಕ ವಕೀಲರಿಗೆ ಮಾತ್ರ ಎದುರಾಗುವ ಒಂದು ವಿಚಿತ್ರವಿದೆ: ಕಾರ್ಮಿಕ ಕಾನೂನು ವಕೀಲರನ್ನು ಪೂರ್ತಿ ಒಳಗೆ ಬಿಟ್ಟುಕೊಂಡಿಲ್ಲ. ಕೈಗಾರಿಕಾ ವಿವಾದ ಕಾಯ್ದೆಯ 36ನೇ ಕಲಂ ಪ್ರಕಾರ ಸಂಧಾನಾಧಿಕಾರಿಯ ಮುಂದೆ ಯಾವ ಪಕ್ಷಕ್ಕೂ ವಕೀಲರಿಲ್ಲ. ಕಾರ್ಮಿಕ ನ್ಯಾಯಾಲಯದಲ್ಲೂ ಎದುರು ಪಕ್ಷ ಒಪ್ಪಬೇಕು, ನ್ಯಾಯಾಲಯ ಅನುಮತಿ ಕೊಡಬೇಕು. ಹಣವಿರುವ ಮಾಲೀಕ ದೊಡ್ಡ ವಕೀಲರನ್ನು ತಂದು ನಿಲ್ಲಿಸಿದರೆ ಕಾರ್ಮಿಕ ಮಾತು ಕಳೆದುಕೊಳ್ಳುತ್ತಾನೆ ಎಂಬುದು ಅದರ ಹಿಂದಿನ ಕಾಳಜಿ. ಆದರೆ ಸಂಘದ ಪದಾಧಿಕಾರಿಗೆ ಈ ತಡೆ ಇಲ್ಲ. ಪದಾಧಿಕಾರಿ ವಕೀಲನೂ ಆಗಿದ್ದರೆ? 1976ರಲ್ಲಿ ಪಾರಾದೀಪ್ ಬಂದರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥವರು ಪದಾಧಿಕಾರಿಯ ಹಕ್ಕಿನಲ್ಲೇ ವಾದಿಸಬಹುದು, ಯಾರ ಒಪ್ಪಿಗೆಯೂ ಬೇಡ ಎಂದಿತು. 1926ರ ಕಾರ್ಮಿಕ ಸಂಘಗಳ ಕಾಯ್ದೆ ಸಂಘದ ಪದಾಧಿಕಾರಿಗಳಲ್ಲಿ ಅರ್ಧದಷ್ಟು ಹೊರಗಿನವರಿರಲು ಬಿಟ್ಟಿತ್ತು. 2001ರ ತಿದ್ದುಪಡಿ ಅದನ್ನು ಮೂರನೇ ಒಂದು ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟಕ್ಕೆ ಇಳಿಸಿತು. ವಕೀಲರು ಸಂಘದ ಉಪಾಧ್ಯಕ್ಷರೋ ಕಾರ್ಯದರ್ಶಿಯೋ ಆಗಿರುವುದನ್ನು ಕಂಡು ಹುಬ್ಬೇರಿಸುವವರು ಈ ಎರಡು ಕಲಂಗಳನ್ನು ಓದಿರುವುದಿಲ್ಲ. ಕರಿಕೋಟು ತೊಟ್ಟವರೂ ಸಂಧಾನದ ಮೇಜಿಗೆ ಬರುವಾಗ ಕೋಟು ಬಿಚ್ಚಿಟ್ಟು ಬರಬೇಕು.

ಹಾಗಾಗಿ ಕೆಲಸ ಶುರುವಾಗುವುದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ. ಯಾದಗಿರಿ 2009ರ ಕೊನೆಯಲ್ಲಿ ಜಿಲ್ಲೆಯಾದ ಮೇಲೆ ಹತ್ತಿರಕ್ಕೆ ಬಂದದ್ದು ಇಲಾಖೆಯ ಅಧಿಕಾರಿಗಳು. ಕಾರ್ಮಿಕ ನ್ಯಾಯಾಲಯ ಉಳಿದದ್ದು ಕಲಬುರಗಿಯಲ್ಲೇ. ಗೋಗಿಯಿಂದ ಶಹಾಪುರಕ್ಕೆ ಬಂದು, ಅಲ್ಲಿಂದ ಕಲಬುರಗಿಯ ಬಸ್ಸು ಹಿಡಿದು, ತಾರೀಖಿಗೆ ಹಾಜರಾಗಿ ಮರಳುವುದರಲ್ಲಿ ಕಾರ್ಮಿಕನ ಒಂದು ದಿನದ ಕೂಲಿ ಹೋಗುತ್ತದೆ. ಕೇಸು ಹೈಕೋರ್ಟಿಗೆ ಏರಿದರೆ 2008ರವರೆಗೆ ಬೆಂಗಳೂರೇ ಗತಿ. ಆ ವರ್ಷ ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಮೊದಲು ಬೆಂಗಳೂರಿನ ಹಿರಿಯ ವಕೀಲರಿಗೆ ಕಡತ ಕಳಿಸಿ ಕೈಕಟ್ಟಿ ಕೂರುತ್ತಿದ್ದ ಈ ಭಾಗದ ವಕೀಲರು ತಮ್ಮ ಕೇಸನ್ನು ತಾವೇ ಹೈಕೋರ್ಟಿನಲ್ಲಿ ವಾದಿಸುವಂತಾದದ್ದು ಪೀಠದಿಂದ ಆದ ದೊಡ್ಡ ಲಾಭ.

ಗಣಿಯ ಮಾತು ಬಂದರೆ ಈ ಭೂಗೋಳವೆಲ್ಲ ತಲೆಕೆಳಗು. ಆದಿಲ್‌ಶಾಹಿಯ ಮೊದಲ ಸುಲ್ತಾನರ ಗೋರಿಗಳಿಗೂ ಚಂದಾ ಹುಸೇನಿಯವರ ದರ್ಗಾಕ್ಕೂ ಹೆಸರಾದ ಗೋಗಿ ಕಳೆದ ಕೆಲವು ದಶಕಗಳಲ್ಲಿ ಸುದ್ದಿಯಾದದ್ದು ಯುರೇನಿಯಂನಿಂದ. ಭೀಮಾ ಕಣಿವೆಯ ಸುಣ್ಣಕಲ್ಲು ಗ್ರಾನೈಟಿಗೆ ತಾಗುವ ಸೀಳಿನಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅದಿರು ಗುರುತಿಸಿತು, ಶೋಧನೆ ನಡೆಯಿತು, ಭಾರತೀಯ ಯುರೇನಿಯಂ ನಿಗಮದ ಹೆಸರು ಬಂತು, ನೀರು-ಹೊಲ-ಆರೋಗ್ಯದ ಭಯದಿಂದ ಊರವರ ವಿರೋಧವೂ ಎದ್ದಿತು. ಆ ವಾದ ಬೇರೆ. ಕಾರ್ಮಿಕ ವಕೀಲರ ಕಣ್ಣಿಗೆ ಬೀಳುವುದು ಇನ್ನೊಂದು ಸಂಗತಿ: ವಿವಾದ ಕಾಯ್ದೆಯಲ್ಲಿ ಗಣಿ ಎಂದರೆ ‘ಸೂಕ್ತ ಸರ್ಕಾರ’ ಕೇಂದ್ರವೇ, ಗಣಿಯ ಒಡೆಯ ಯಾರೇ ಇರಲಿ. ಗೋಗಿಯ ನೆಲದಡಿ ಇಳಿದ ಕೆಲಸಗಾರನ ವಿವಾದ ಯಾದಗಿರಿಯ ಅಧಿಕಾರಿಗೂ ಹೋಗುವುದಿಲ್ಲ, ಕಲಬುರಗಿಯ ನ್ಯಾಯಾಲಯಕ್ಕೂ ಹೋಗುವುದಿಲ್ಲ. ಕೇಂದ್ರದ ಕಾರ್ಮಿಕ ಆಯುಕ್ತರ ಸಂಧಾನ ಮುರಿದರೆ ಬೆಂಗಳೂರಿನ ಕೇಂದ್ರ ಸರ್ಕಾರಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬೇಕು. ಸುರಪುರದಿಂದ ಕೃಷ್ಣೆ ದಾಟಿದರೆ ಸಿಗುವ ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ್ದೇ ಕಂಪನಿಯಾದರೂ ಅಲ್ಲಿಯೂ ಇದೇ ನಿಯಮ. ಆದರೆ ಹಟ್ಟಿಯ ವಕೀಲರ ಕೈ ಬಲವಾಗಿದೆ. ಎಐಟಿಯುಸಿ, ಟಿಯುಸಿಐ, ಸಿಐಟಿಯು ಸಂಘಗಳು ಕಾರ್ಮಿಕರ ಗುಪ್ತ ಮತದಾನಕ್ಕೆ ನಿಲ್ಲುವ ಗಣಿ ಅದು. ಅಲ್ಲಿ ಹಾಜರಿ ಇದೆ, ವೇತನ ಒಪ್ಪಂದ ಇದೆ, ಕಾಗದ ಇದೆ.

ಕಾಗದ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ನೋಡಲು ಕಾಲುವೆಯ ಕೇಸುಗಳಿಗೆ ಬರಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಜಲಾಶಯ ಮತ್ತು ಎಡದಂಡೆ ಕಾಲುವೆ ಈ ಸೀಮೆಯ ಚಹರೆಯನ್ನೇ ಬದಲಿಸಿದವು. ಶಹಾಪುರದ ಪಕ್ಕದ ಭೀಮರಾಯನಗುಡಿ ಯೋಜನೆಯ ಕಚೇರಿ ಊರಾಗಿ ಬೆಳೆಯಿತು. ಅಳತೆ ಹಿಡಿಯಲು, ತೂಬು ಕಾಯಲು, ಹೂಳು ಎತ್ತಲು, ಕಚೇರಿ ಗುಡಿಸಲು ದಿನಗೂಲಿಗಳು ಬೇಕಾದರು. ಸರ್ಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, ‘ಎನ್.ಎಂ.ಆರ್.’ನವರು, ಅಂದರೆ ನಾಮಿನಲ್ ಮಸ್ಟರ್ ರೋಲ್ ಎಂಬ ಹಾಜರಿ ಪಟ್ಟಿಯಲ್ಲಿನ ಹೆಸರುಗಳು. ಪಟ್ಟಿ ಮುಗಿದರೆ ಹೆಸರೂ ಮುಗಿಯುತ್ತದೆ.

ಕಾಯ್ದೆಯ ಮಾತು ಸರಳ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಪಗಾರ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನದಂತೆ ಪರಿಹಾರ ಕೊಡಬೇಕು. ಕೊಡದೆ ತೆಗೆದರೆ ಆ ತೆಗೆದದ್ದೇ ಅಸಿಂಧು. ಆದರೆ 240 ದಿನ ಎಂದು ತೋರಿಸಬೇಕಾದವರು ಯಾರು? ದೇಶದ ಎಲ್ಲ ಕಾರ್ಮಿಕ ನ್ಯಾಯಾಲಯಗಳಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ಉದ್ಧರಿಸುವ ಎರಡು ಹೆಸರುಗಳು ಕನ್ನಡದವು: ಹಡಿಮನಿ ಮತ್ತು ಯಲ್ಲಟ್ಟಿ. 2002ರ ಹಡಿಮನಿ ಪ್ರಕರಣ ಅರಣ್ಯ ಇಲಾಖೆಯ ದಿನಗೂಲಿಯದು. ಸಾಬೀತಿನ ಭಾರ ಕಾರ್ಮಿಕನ ಮೇಲಿದೆ, ತಾನೇ ಬರೆದುಕೊಟ್ಟ ಪ್ರಮಾಣಪತ್ರ ಸಾಲದು, ನೇಮಕ ಆದೇಶವನ್ನೋ ಪಗಾರ ಪಡೆದ ದಾಖಲೆಯನ್ನೋ ತಾ ಎಂದಿತು ಸುಪ್ರೀಂ ಕೋರ್ಟು. ಮಾಲೀಕರ ಪರ ವಕೀಲರಿಗೆ ಅದು ಬ್ರಹ್ಮಾಸ್ತ್ರವಾಯಿತು. ದಿನಗೂಲಿಗೆ ನೇಮಕ ಆದೇಶ ಕೊಡುವ ಪದ್ಧತಿಯೇ ಇಲ್ಲದಿರುವಾಗ ಅದನ್ನು ತಾ ಎಂದರೆ ಎಲ್ಲಿಂದ ತರುವುದು?

ನಾಲ್ಕು ವರ್ಷದೊಳಗೆ ಉತ್ತರ ಬಂತು. ಯಲ್ಲಟ್ಟಿ ಪ್ರಕರಣದ ದಿನಗೂಲಿಯ ಕೈಯಲ್ಲಿ ಇಲಾಖೆಯ ಎಂಜಿನಿಯರೊಬ್ಬರು ಕೊಟ್ಟಿದ್ದ ಸೇವಾ ಪ್ರಮಾಣಪತ್ರವಿತ್ತು. ಇಲಾಖೆ ಮಸ್ಟರ್ ರೋಲುಗಳನ್ನು ಪೂರ್ತಿ ಹಾಜರುಪಡಿಸಲಿಲ್ಲ. ಭಾರ ಕಾರ್ಮಿಕನದೇ ನಿಜ, ಆದರೆ ಅವನು ಕಟಕಟೆಗೆ ಬಂದು ಸಾಕ್ಷಿ ನುಡಿದು, ಹಾಜರಿ ಪಟ್ಟಿ ತರಿಸಿ ಎಂದು ಕೇಳಿದ ಮೇಲೆ ಇಲಾಖೆ ಬಚ್ಚಿಟ್ಟುಕೊಂಡರೆ ನ್ಯಾಯಾಲಯ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು. ಅಂದಿನಿಂದ ದಿನಗೂಲಿಗಳ ವಕೀಲರ ಮೊದಲ ಅರ್ಜಿಯೇ ಹಾಜರಿ ಪಟ್ಟಿ ತರಿಸುವುದು. ಇಂಥ ವರ್ಷದ, ಇಂಥ ಉಪವಿಭಾಗದ, ಇಂಥ ಕಾಮಗಾರಿಯ ಮಸ್ಟರ್ ರೋಲು ಎಂದು ಹೆಸರು ಹಿಡಿದು ಕೇಳಬೇಕು. ‘ಎಲ್ಲ ದಾಖಲೆ ಕೊಡಿ’ ಎಂದರೆ ಅರ್ಜಿ ವಜಾ. ಹಾಗೆ ಹೆಸರು ಹಿಡಿದು ಕೇಳಲು ವಕೀಲರು ಕಕ್ಷಿದಾರನ ಜೊತೆ ಕೂತು ಅವನ ದುಡಿಮೆಯನ್ನು ನೆನಪಿನಿಂದ ಅಗೆದು ತೆಗೆಯಬೇಕು. ಯಾವ ಜೂನಿಯರ್ ಎಂಜಿನಿಯರ್ ಇದ್ದಾಗ, ಯಾವ ತೂಬಿನ ಮೇಲೆ, ಮಗಳ ಮದುವೆಗೆ ಮುಂಚೆಯೋ ಆಮೇಲೋ. ಈ ವಕೀಲಿಕೆಯ ಕಸುಬು ಕಟಕಟೆಯ ಮುಂದಿನ ವಾಗ್ಝರಿಗಿಂತ ಹೆಚ್ಚಾಗಿ ಈ ಕೂತು ಕೇಳುವುದರಲ್ಲಿದೆ.

ಹಾಜರಿ ಸಿಕ್ಕರೂ ಇಲಾಖೆಗೆ ಇನ್ನೊಂದು ತಡೆಗೋಡೆ ಇದೆ: ‘ನಮ್ಮದು ಕೈಗಾರಿಕೆಯೇ ಅಲ್ಲ.’ ಇದರ ಬೇರೂ ಕರ್ನಾಟಕದಲ್ಲೇ. ಬೆಂಗಳೂರು ಜಲಮಂಡಳಿ ದಂಡ ವಸೂಲಿ ಮಾಡಿದ ನೌಕರರು ಹೂಡಿದ ಸಣ್ಣ ಕೇಸೊಂದು 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ನಿಂತಿತು. ಮಾಲೀಕ ಮತ್ತು ನೌಕರರ ಸಹಕಾರದಿಂದ, ಜನರಿಗೆ ಬೇಕಾದ ಸರಕು-ಸೇವೆ ಕೊಡುವ ಯಾವುದೇ ವ್ಯವಸ್ಥಿತ ಚಟುವಟಿಕೆ ಕೈಗಾರಿಕೆಯೇ, ಲಾಭದ ಉದ್ದೇಶ ಇರಬೇಕೆಂದಿಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ರಾಜಪ್ಪ ಪ್ರಕರಣವೆಂದೇ ಅದು ಹೆಸರಾಯಿತು. ಹತ್ತು ವರ್ಷದ ಮೇಲೆ ಪಂಜಾಬಿನ ನೀರಾವರಿ ಇಲಾಖೆ ಕೈಗಾರಿಕೆ ಎಂದ ಅದೇ ಕೋರ್ಟು, 1997ರಲ್ಲಿ ಕರ್ನಾಟಕದ ನೀರಾವರಿ ಇಲಾಖೆ ಅಲ್ಲ ಎಂದಿತು. ಕಾಲುವೆಯ ನೀರು ಒಂದೇ, ತೀರ್ಪು ಎರಡು. ಇಲಾಖೆಯ ವಕೀಲರು 1997ನ್ನು ಹಿಡಿದರೆ ಕಾರ್ಮಿಕರ ವಕೀಲರು ಏಳು ಜನರ ಪೀಠವೇ ದೊಡ್ಡದೆಂದು 1978ಕ್ಕೆ ಹೋಗುತ್ತಾರೆ.

ಕಾಯಂ ಮಾಡಿಸುವ ಆಸೆ ಇದ್ದವರಿಗೆ 2006ರ ಏಪ್ರಿಲ್ 10 ಕೆಟ್ಟ ದಿನ. ವಾಣಿಜ್ಯ ತೆರಿಗೆ ಇಲಾಖೆಯ ತಾತ್ಕಾಲಿಕ ನೌಕರರಿಂದ ಶುರುವಾದ ಉಮಾದೇವಿ ಪ್ರಕರಣದಲ್ಲಿ ಸಂವಿಧಾನ ಪೀಠ, ನೇಮಕದ ನಿಯಮ ಮೀರಿ ಹಿಂಬಾಗಿಲಿನಿಂದ ಬಂದವರನ್ನು ಕೋರ್ಟುಗಳು ಕಾಯಂ ಮಾಡುವಂತಿಲ್ಲ ಎಂದಿತು. ಹತ್ತು ವರ್ಷ ದುಡಿದವರಿಗೆ ಒಂದು ಬಾರಿಯ ವಿನಾಯಿತಿ ಮಾತ್ರ ಕೊಟ್ಟಿತು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ದಿನಗೂಲಿಗಳ ಸಂಘ 1990ರಲ್ಲಿ ಗೆದ್ದುಕೊಂಡಿದ್ದ ದಾರಿ ಅಲ್ಲಿಗೆ ಕಿರಿದಾಯಿತು. ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದು, ಕಾಯಂ ಎನ್ನದೆಯೇ ಕೆಲವು ಸೌಲಭ್ಯ ಕೊಟ್ಟಿತು. 2024ರ ಕೊನೆಯಿಂದ ಸುಪ್ರೀಂ ಕೋರ್ಟಿನ ಕೆಲವು ಪೀಠಗಳು ದಶಕಗಟ್ಟಲೆ ದುಡಿಸಿಕೊಂಡು ಉಮಾದೇವಿಯ ಹೆಸರು ಹೇಳಿ ತಪ್ಪಿಸಿಕೊಳ್ಳಬೇಡಿ ಎಂದು ಸರ್ಕಾರಗಳಿಗೆ ಗದರಿವೆ. ಹಳೆಯ ಕಡತಗಳಿಗೆ ಮತ್ತೆ ಜೀವ ಬಂದಿದೆ.

ಬಸ್ಸಿನ ಕೇಸುಗಳ ರೀತಿಯೇ ಬೇರೆ. ಇಲ್ಲಿ ಕಾಗದಕ್ಕೆ ಬರವಿಲ್ಲ, ಕಾಗದವೇ ಕಾರ್ಮಿಕನಿಗೆ ಎದುರು. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಸಾರಿಗೆ ನಿಗಮದ ತನಿಖಾ ತಂಡ ಬಸ್ಸು ತಡೆದು ಟಿಕೆಟ್ ಇಲ್ಲದ ಪ್ರಯಾಣಿಕರನ್ನು ಹಿಡಿದರೆ ನಿರ್ವಾಹಕನ ಮೇಲೆ ಇಲಾಖಾ ವಿಚಾರಣೆ, ಆಮೇಲೆ ವಜಾ. ವಕೀಲರು ನೋಡುವುದು ಮೂರು: ವಿಚಾರಣೆ ನ್ಯಾಯವಾಗಿ ನಡೆಯಿತೇ, ಆರೋಪಕ್ಕೆ ಸಾಕ್ಷ್ಯ ಇದೆಯೇ, ಶಿಕ್ಷೆ ತಪ್ಪಿನ ತೂಕಕ್ಕೆ ತಕ್ಕದ್ದೇ. 1971ರಲ್ಲಿ ಸೇರಿದ 11ಎ ಕಲಂ ಶಿಕ್ಷೆಯನ್ನು ಇಳಿಸುವ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟಿತು. ಆದರೆ ನಿಗಮದ ಹಣದ ಮಾತು ಬಂದರೆ ಮೇಲಿನ ಕೋರ್ಟು ಕರಗುವುದಿಲ್ಲ. 360 ರೂಪಾಯಿ 95 ಪೈಸೆಯ ಪ್ರಕರಣವೊಂದರಲ್ಲಿ 2006ರಲ್ಲಿ ವಜಾ ಸರಿ ಎಂದೇ ತೀರ್ಪಾಯಿತು. ಮೊತ್ತ ಸಣ್ಣದೆಂದು ವಾದಿಸುವ ಕಿರಿಯ ವಕೀಲರಿಗೆ ಹಿರಿಯರು ಮೊದಲು ಓದಲು ಕೊಡುವುದು ಇದನ್ನೇ. ಗೆಲ್ಲುವ ಕೇಸು ಗೈರುಹಾಜರಿಯದು, ಆಸ್ಪತ್ರೆಯ ಚೀಟಿ ಇದ್ದರೆ.

ಗುಳೆಯ ಕೇಸುಗಳಲ್ಲಿ ವಿವಾದ ಕಾಯ್ದೆ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ, ಕೊಯ್ಲು ಮುಗಿದ ಮೇಲೆ, ಈ ತಾಲ್ಲೂಕುಗಳಿಂದ ಕುಟುಂಬಕ್ಕೆ ಕುಟುಂಬವೇ ಮುಂಗಡ ಪಡೆದು ಹೊರಡುತ್ತದೆ. ರಾಜ್ಯದ ಗಡಿ ದಾಟಿದ ಐದು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಗುತ್ತೇದಾರ ಪರವಾನಗಿ ಪಡೆಯಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಆ ಪರವಾನಗಿ ಪುಸ್ತಕದಲ್ಲೇ ಉಳಿಯಿತು. ವಕೀಲರ ಬಳಿಗೆ ಬರುವುದು ಸಾವಾದಾಗ. ಕಟ್ಟಡದಿಂದ ಬಿದ್ದವನ ಶವ ಊರಿಗೆ ಬರುತ್ತದೆ, ಜೊತೆಗೆ ಮೇಸ್ತ್ರಿ ಕೊಟ್ಟ ಒಂದಿಷ್ಟು ಹಣ ಮತ್ತು ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು. ಆ ಹೆಬ್ಬೆಟ್ಟಿಗೆ ಬೆಲೆ ಇಲ್ಲ: ಸಾವಿನ ಪರಿಹಾರವನ್ನು ಆಯುಕ್ತರ ಮುಂದೆ ಠೇವಣಿ ಇಡಬೇಕು, ಹೊರಗೆ ಕೊಟ್ಟದ್ದನ್ನು ಪರಿಹಾರವೆಂದು ಎಣಿಸುವುದಿಲ್ಲ. 1923ರ ಪರಿಹಾರ ಕಾಯ್ದೆಗೆ 1995ರಲ್ಲಿ ಬಂದ ತಿದ್ದುಪಡಿಯಿಂದ ಅರ್ಜಿಯನ್ನು ಬೆಂಗಳೂರಿನಲ್ಲೋ ಪುಣೆಯಲ್ಲೋ ಹಾಕಬೇಕಿಲ್ಲ. ಅವಲಂಬಿತರು ವಾಸಿಸುವ ಕಡೆಯೇ ಹಾಕಬಹುದು.

ಲೆಕ್ಕ ಹೀಗೆ: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಕಿಯಿಂದ ಗುಣಿಸಬೇಕು. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿ. ಸತ್ತವನಿಗೆ 30 ವರ್ಷವಾಗಿದ್ದರೆ ಅಂಕಿ 207.98, ಅಂದರೆ 7,500 ಗುಣಿಸು 207.98, ಒಟ್ಟು 15,59,850 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಕಾರಣವಿಲ್ಲದೆ ತಡ ಮಾಡಿದರೆ ಶೇ 50ರವರೆಗೆ ದಂಡ. ಮೇಸ್ತ್ರಿ ಕೊಟ್ಟದ್ದಕ್ಕೂ ಕಾಯ್ದೆ ಕೊಡುವುದಕ್ಕೂ ಇರುವ ದೂರವನ್ನು ಮನೆಯವರಿಗೆ ಬಿಡಿಸಿ ಹೇಳುವುದೇ ಅರ್ಧ ವಕೀಲಿಕೆ. ಉಳಿದರ್ಧ, ಆತ ಆ ಕಟ್ಟಡದಲ್ಲೇ ಕೆಲಸಕ್ಕಿದ್ದ ಎಂದು ತೋರಿಸುವುದು. ಪೊಲೀಸರ ಅಸಹಜ ಸಾವಿನ ವರದಿ (ಯುಡಿಆರ್), ಶವಪರೀಕ್ಷೆಯ ವರದಿ, ಜೊತೆಗಾರರ ಮಾತು, ಫೋನಿಗೆ ಬಂದ ಕೂಲಿಯ ಸಂದೇಶ. ಮತ್ತೆ ಅದೇ ಹಾಜರಿಯ ಹುಡುಕಾಟ.

ಗೆದ್ದರೂ ಎಲ್ಲ ಮುಗಿಯುವುದಿಲ್ಲ. ಐತೀರ್ಪು ಪ್ರಕಟವಾಗಿ 30 ದಿನದ ಮೇಲೆ ಜಾರಿಗೆ ಅರ್ಹ. ಅಷ್ಟರಲ್ಲಿ ಮಾಲೀಕ ಹೈಕೋರ್ಟಿನಲ್ಲಿ ತಡೆ ಕೇಳುತ್ತಾನೆ. ಮರುನೇಮಕದ ಐತೀರ್ಪಾದರೆ ಆ ಕೇಸು ಮುಗಿಯುವವರೆಗೆ ಕೊನೆಯ ಪಗಾರವನ್ನಾದರೂ ಕೊಡು ಎನ್ನುತ್ತಿತ್ತು ವಿವಾದ ಕಾಯ್ದೆಯ 17ಬಿ ಕಲಂ. ಅದಕ್ಕೂ ಬೇರೆ ಅರ್ಜಿ. 2009ರಿಂದೀಚೆಗೆ ದಿನಗೂಲಿಗಳಿಗೆ ಮರುನೇಮಕದ ಬದಲು ಇಡುಗಂಟು ಕೊಡಿಸುವ ಒಲವು ಮೇಲಿನ ಕೋರ್ಟುಗಳಲ್ಲಿ ಬೆಳೆದಿದೆ. ಇಪ್ಪತ್ತು ವರ್ಷ ಕೋರ್ಟು ತಿರುಗಿದವನಿಗೆ ಒಂದೆರಡು ಲಕ್ಷ ಹಿಡಿಸಿ ಕಳಿಸುವುದು ನ್ಯಾಯವೋ ಸಮಾಧಾನವೋ ಎಂಬ ಪ್ರಶ್ನೆ ಕಾರ್ಮಿಕ ವಕೀಲರಲ್ಲಿ ಬಗೆಹರಿದಿಲ್ಲ.

ಈ ವೃತ್ತಿಯ ಆದಾಯ ಈ ವಿಳಂಬದ ಮೇಲೆ ನಿಂತಿದೆ. ಗೆದ್ದ ಹಣದಲ್ಲಿ ಪಾಲು ಎಂದು ಶುಲ್ಕ ಗೊತ್ತುಮಾಡುವಂತಿಲ್ಲ, ವಕೀಲರ ಪರಿಷತ್ತಿನ ನಿಯಮ ನಿಷೇಧಿಸುತ್ತದೆ. ಮುಂಗಡ ಕೊಡಲು ಕೆಲಸ ಕಳೆದುಕೊಂಡವನಲ್ಲಿ ಏನೂ ಇರುವುದಿಲ್ಲ. ಸಂಘವಿದ್ದರೆ ಚಂದಾ ಹಣದಿಂದ ಅಷ್ಟಿಷ್ಟು. ಜಿಲ್ಲಾ ಮಟ್ಟದ ಕಾರ್ಮಿಕ ವಕೀಲರು ಜಮೀನು ವ್ಯಾಜ್ಯ, ಅಪಘಾತದ ಕ್ಲೇಮು ಹಿಡಿದು ಮನೆ ನಡೆಸಿ, ಕಾರ್ಮಿಕರ ಕೇಸನ್ನು ಅದರ ನೆರಳಲ್ಲಿ ಸಾಕುವುದು ಈ ಕಾರಣಕ್ಕೆ. ನಿಗಮ, ಬ್ಯಾಂಕು, ಸಿಮೆಂಟು ಕಂಪನಿಗಳ ವಕಾಲತ್ತು ತಿಂಗಳ ಲೆಕ್ಕದಲ್ಲಿ ಬರುತ್ತದೆ. ಒಮ್ಮೆ ಆ ಕಡೆ ಹೋದವರು ಮರಳುವುದು ಅಪರೂಪ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಕಾಯ್ದೆಗಳ ಜಾಗ ತೆಗೆದುಕೊಂಡವು. ವಕೀಲರ ಕಪಾಟಿನ ಅರ್ಧ ಪುಸ್ತಕ ಒಂದೇ ದಿನದಲ್ಲಿ ಹಳತಾಯಿತು. ಮುಚ್ಚಲು, ಕಾರ್ಮಿಕರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಾದ ಕಾರ್ಖಾನೆಗಳ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿತು. ಮುಷ್ಕರಕ್ಕೆ ಎಲ್ಲೆಡೆ 14 ದಿನದ ನೋಟಿಸು ಬೇಕು. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೂ ಮುಷ್ಕರವೇ. ಶೇ 51ರ ಬೆಂಬಲವಿರುವ ಸಂಘ ಮಾತ್ರ ಮಾತುಕತೆಯ ಏಕೈಕ ಸಂಘ. ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗುವುದು, ನೇಮಕ ಪತ್ರ ಕಡ್ಡಾಯವಾದದ್ದು ಕಾರ್ಮಿಕರ ಪಾಲಿನ ಲಾಭ. ವಜಾಗೊಂಡವನ ಮೂರು ವರ್ಷದ ಅವಕಾಶ ಎರಡಕ್ಕೆ ಇಳಿದದ್ದು ನಷ್ಟ. ಕಾರ್ಮಿಕ ನ್ಯಾಯಾಲಯದ ಬದಲು ಒಬ್ಬ ನ್ಯಾಯಿಕ, ಒಬ್ಬ ಆಡಳಿತಾತ್ಮಕ ಸದಸ್ಯರ ನ್ಯಾಯಮಂಡಳಿ ಬರಬೇಕು; ಅದು ಬರುವವರೆಗೆ ಹಳೆಯವೇ ನಡೆಯಲಿ ಎಂದು ಕೇಂದ್ರ ಆದೇಶಿಸಿತು. ಸಂಧಾನದ ಮೇಜಿನಿಂದ ವಕೀಲರನ್ನು ದೂರ ಇಡುವ ನಿಯಮ ಮಾತ್ರ ಹೊಸದರಲ್ಲೂ ಹಾಗೇ ಉಳಿದಿದೆ.

ಹಾಜರಿ ಪುಸ್ತಕವೂ ಬದಲಾಗಿದೆ. ಉದ್ಯೋಗ ಖಾತ್ರಿಯ ಕೆಲಸದಲ್ಲಿ 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಬೆಂಗಳೂರಿನ ದೊಡ್ಡ ಕಟ್ಟಡಗಳ ಗೇಟಿನಲ್ಲಿ ಬೆರಳಚ್ಚು, ಮುಖಚಹರೆಯ ಯಂತ್ರಗಳಿವೆ. ಮಸ್ಟರ್ ರೋಲಿನ ಪುಟವನ್ನು ಹರಿಯಬಹುದಿತ್ತು; ಯಂತ್ರದ ದಾಖಲೆ ಸುಲಭಕ್ಕೆ ಅಳಿಯದು, ಆದರೆ ಅದು ಇರುವುದು ಕಾರ್ಮಿಕ ಎಂದೂ ಕಾಣದ ಸರ್ವರಿನಲ್ಲಿ, ಮಾಲೀಕನ ಕೀಲಿಕೈಯಡಿ. ಕೈಗಾರಿಕಾ ಮೊಕದ್ದಮೆಗೆ ಸಾಕ್ಷ್ಯ ಕಾನೂನು ಅಕ್ಷರಶಃ ಅನ್ವಯಿಸುವುದಿಲ್ಲ. ಆದರೂ ಫೋನಿನ ಫೋಟೊವನ್ನೋ ಸಂದೇಶವನ್ನೋ ಹಾಜರುಪಡಿಸಿದ ಕೂಡಲೇ ಎದುರು ವಕೀಲರು 2024ರ ಜುಲೈನಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಎಲ್ಲಿ ಎಂದು ಏಳುತ್ತಾರೆ. ಹಾಗಾಗಿ ಶಹಾಪುರದ ಕಡೆಯ ಕಾರ್ಮಿಕ ವಕೀಲರ ಅರ್ಜಿಯಲ್ಲಿ ಈಗ ಮಸ್ಟರ್ ರೋಲಿನ ಪಕ್ಕಕ್ಕೆ ಇನ್ನೊಂದು ಸಾಲು ಸೇರಬೇಕಾಗಿದೆ: ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ ಗೇಟಿನ ಯಂತ್ರದ ದಾಖಲೆ, ಪ್ರಮಾಣಪತ್ರದ ಸಮೇತ.